ಮೂರು ಜೇಬಿನ ಅಂಗಿ

ನಮ್ಮ ಚಿಕ್ಕಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದಳು. ಅಲ್ಲಿ ಒಬ್ಬಳು ಕಾಲರ್ ಹೊಲಿದರೆ ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಜೇಬು ಹಚ್ಚುತ್ತಾಳೆ. ಚಿಕ್ಕಮ್ಮ ಸಾಲಿನುದ್ದಕ್ಕೂ ನಡೆಯುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮಿಷನ್ನುಗಳ ಪಕ್ಕದ ಬಟ್ಟೆಯ ರಾಶಿಯನ್ನಷ್ಟೇ ನೋಡುತ್ತಿದ್ದಳು. ಎಲ್ಲಿ ರಾಶಿ ಬೆಳೆದಿದೆಯೋ ಅಲ್ಲಿಗೆ, ಕೈ ಖಾಲಿ ಇದ್ದವಳನ್ನು ಎಬ್ಬಿಸಿ ಕಳಿಸುತ್ತಿದ್ದಳು. "ನಿಧಾನ ಆದವಳನ್ನ ಬೈದ್ರೆ ರಾಶಿ ಕರಗುತ್ತೇನು?" ಎನ್ನುತ್ತಿದ್ದಳು. ಅವಳ ಬೈಗುಳವೆಲ್ಲ ಸುಮ್ಮನೆ ಕೂತವರಿಗೇ ಮೀಸಲು.

ಜೇಬಿನ ಹತ್ತಿರ ರಾಶಿ ಕರಗಿದ್ದೇ ಇಲ್ಲ. ಕೊನೆಗೆ ಅಲ್ಲಿಗೆ ಮೂವರನ್ನು ಕೂರಿಸಿದಳು.

ಅವಳು ನಿವೃತ್ತಳಾದ ದಿನ ಹುಡುಗಿಯರೆಲ್ಲ ಸೇರಿ ಗುಟ್ಟಾಗಿ ಹೊಲಿದ ಅಂಗಿಯೊಂದನ್ನು ಅವಳ ಕೈಗಿಟ್ಟರು. ಎಲ್ಲರ ಹೊಲಿಗೆಯೂ ಅದರಲ್ಲಿರಬೇಕೆಂದು ಅವರ ಹಟ. ಜೇಬಿನ ಮೂವರಲ್ಲಿ ಒಬ್ಬಳೂ ಬಿಟ್ಟುಕೊಡಲಿಲ್ಲ. ಹಾಗಾಗಿ ಎದೆಗೆ ಎರಡು ಜೇಬು, ಹೊಟ್ಟೆಯ ಮೇಲೊಂದು.

ಚಿಕ್ಕಮ್ಮ ಕೆಂಡಾಮಂಡಲವಾದಳು. "ಇದೇನ್ರೇ, ಅಂಗಿನೋ ಕೈಚೀಲಾನೋ? ಇದನ್ನ ಹಾಕ್ಕೊಂಡು ನಾನು ಹೊಸಿಲು ದಾಟ್ತೀನಾ?"

ಈಗ ತರಕಾರಿ ತರಲೂ ಅದನ್ನೇ ತೊಟ್ಟು ಹೋಗುತ್ತಾಳೆ. ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕನ್ನಡಕ, ಬೀಗದ ಕೈ, ಮೊಬೈಲು ಮೂರನ್ನೂ ಆ ಜೇಬಿನಿಂದ ಈ ಜೇಬಿಗೆ ಬದಲಾಯಿಸುತ್ತಿದ್ದಳು.

"ಎಲ್ಲಾನೂ ಒಂದರಲ್ಲೇ ತುಂಬ್ಕೋಬಾರ್ದಾ ಚಿಕ್ಕಮ್ಮ? ಹೊತ್ತಾಯ್ತು," ಎಂದೆ.

"ಸುಮ್ನಿರು," ಎಂದು ಗದರಿ, ಹೊಟ್ಟೆಯ ಮೇಲಿನ ಜೇಬಿನಿಂದ ಮೊಬೈಲು ತೆಗೆದು, ಆ ಜೇಬನ್ನು ತಟ್ಟಿದಳು. "ನಿನ್ನೆಯೆಲ್ಲಾ ಭಾರ ಹೊತ್ತಿದ್ದು ಇವಳೇ."