ದಾರಂದ ನೋಡಿ ನಿಲ್ಲಿಸಿದ ಗುರಿಕಡ್ಡಿ

"ಕುಕ್ಕಪ್ಪಣ್ಣ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದರೆ ಸಾಕು, ಸೊಟ್ಟ ಬೆಳೆದ ಮರವೂ ನಾಚಿ ನೆಟ್ಟಗಾಗ್ತದೆ" ಎಂದು ನೆರೆಕರೆಯವರು ಹೇಳುತ್ತಿದ್ದರು. ಆಚೆ ಮನೆಯ ಅಮ್ಮುವಿನ ಮಾತು ಇನ್ನೂ ಒಂದು ಕೈ ಮೇಲೆ. "ಅವರ ಎದುರು ನಿಂತರೆ ನನ್ನ ಸೊಂಟವೇ ಓರೆ ಉಂಟೋ ಏನೋ ಅಂತ ಆಗ್ತದೆ ಮಾರಾಯ್ರೆ. ನಾನು ಬೇಲಿಯ ಈಚೆಯಿಂದಲೇ ಮಾತಾಡುದು."

ಅಷ್ಟು ಹೆಸರು ಬರಲು ಕಾರಣ ಅವರ ಕೆಲಸ. ಬೆಳ್ಳಾರೆಯ ಈ ಬಡಗಿ ಮನೆಗಳಿಗೆ ದಾರಂದ ನಿಲ್ಲಿಸುತ್ತಿದ್ದರು. ದಾರಂದವೆಂದರೆ ಬಾಗಿಲಿನ ಚೌಕಟ್ಟು. ಒಳ್ಳೆಯ ಮುಹೂರ್ತ ನೋಡಿ, ಅರಶಿನ ಕುಂಕುಮ ಹಚ್ಚಿ ಅದನ್ನು ನಿಲ್ಲಿಸಿದ ಮೇಲೆಯೇ ಗೋಡೆ ಏಳುವುದು. ನಲ್ವತ್ತು ವರ್ಷದಲ್ಲಿ ಎಷ್ಟು ನಿಲ್ಲಿಸಿದರೋ, ಲೆಕ್ಕ ಅವರಿಗೇ ಇಲ್ಲ. ದಾರಕ್ಕೆ ಕಟ್ಟಿ ನೇರ ನೋಡುವ ತೂಗುಗುಂಡು ಚೀಲದಲ್ಲಿ ಇರುತ್ತಿತ್ತು, ನಿಜ. ಆದರೆ ಅದನ್ನು ತೆಗೆದು ಇಳಿಬಿಡುತ್ತಿದ್ದದ್ದು ಮನೆ ಯಜಮಾನರ ಸಮಾಧಾನಕ್ಕೆ. ಕಣ್ಣು ಆ ಮೊದಲೇ ಕೆಲಸ ಮುಗಿಸಿರುತ್ತಿತ್ತು.

ತಮ್ಮ ಸ್ವಂತ ಮನೆಯ ದಾರಂದದ ಮೇಲೆ ಅವರಿಗೆ ದೇವರ ಮೇಲೆ ಇದ್ದಷ್ಟು ಭರವಸೆ. ಇಪ್ಪತ್ತೆಂಟು ವರ್ಷದ ಹಿಂದೆ ಹಲಸಿನ ಮರದಲ್ಲಿ ಮಾಡಿ ನಿಲ್ಲಿಸಿದ್ದು. ಪುತ್ತೂರಿನಿಂದ ಮೂಲೆಯ ಚೌಕ ನೋಡುವ ಹೊಸ ಮೂಲೆಮಟ್ಟ ತಂದರೆ ಮೊದಲು ಆ ದಾರಂದಕ್ಕೆ ಹಿಡಿದು ನೋಡುವರು. ಕೂರದಿದ್ದರೆ ಮೂಲೆಮಟ್ಟ ವಾಪಸು ಅಂಗಡಿಗೆ.

ಇಂಥ ಕುಕ್ಕಪ್ಪಣ್ಣ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಆರು ತಿಂಗಳು ಒಂದೇ ಒಂದು ದಾರಂದ ಮುಟ್ಟಲಿಲ್ಲ. "ವಿಶ್ರಾಂತಿ ಬೇಕಂತೆ" ಎಂದು ಊರಿಗೆ ಹೇಳಿದರು. ಒಳಗಿನ ಸಂಗತಿ ಬೇರೆಯೇ ಇತ್ತು. ಹೊಸ ಕಣ್ಣಿನಲ್ಲಿ ನೋಡಿದರೆ ಎಲ್ಲವೂ ಬೆಳ್ಳಗೆ, ಚೂಪಾಗಿ ಕಾಣುತ್ತಿತ್ತು. ಆದರೆ ನೆಟ್ಟಗೆ ಕಾಣುವುದು ನಿಜವಾಗಿ ನೆಟ್ಟಗೇ ಉಂಟೋ? ಆ ಒಂದು ಅನುಮಾನ ಹೆಂಡತಿ ದುಗ್ಗಮ್ಮನಿಗೂ ಹೇಳದೆ ಎದೆಯಲ್ಲಿ ಕೂತಿತ್ತು. ಬೆಟ್ಟಂಪಾಡಿಯ ಮಹಾಗಣಪತಿ ಭಟ್ಟರು ತಮ್ಮ ಹೊಸ ಮನೆಯ ದಾರಂದಕ್ಕೆ ಎರಡು ಸಲ ಫೋನು ಮಾಡಿದ್ದರು. ಕುಕ್ಕಪ್ಪಣ್ಣ ಎರಡು ಸಲವೂ "ನೋಡುವ" ಎಂದು ಇಟ್ಟಿದ್ದರು.

ಅಷ್ಟರಲ್ಲಿ ಏಪ್ರಿಲ್ ಕೊನೆಯ ಒಂದು ಶನಿವಾರ ಮಗಳು ಸುರಕ್ಷಾ ಸ್ಕೂಟರಿನಲ್ಲಿ ಉದ್ದದ ಚೀಲ ಕಟ್ಟಿಕೊಂಡು ಬಂದಳು. ಕಬಕದ ಶಾಲೆಯಲ್ಲಿ ಅವಳು ಆಟದ ಟೀಚರು. ಏರ್ ರೈಫಲ್ ಸ್ಪರ್ಧೆಗೆ ಹೋಗುವುದು ಅವಳ ಹುಚ್ಚು. ರೈಫಲ್ ಜಾರಿ ಬಿದ್ದು ನಳಿಗೆಯ ತುದಿಯ ಫ್ರಂಟ್ ಸೈಟ್ ಮುರಿದಿತ್ತು. ಹೊಸತು ಕೊರಿಯರಿನಲ್ಲಿ ಬಂದರೆ, ನಳಿಗೆಗೆ ಸಡಿಲ.

"ಗುರಿ ನೋಡುವ ಕಡ್ಡಿಯಾ ಇದು?" ಎಂದು ಕುಕ್ಕಪ್ಪಣ್ಣ ಅದನ್ನು ಅಂಗೈಯಲ್ಲಿ ಹೊರಳಿಸಿದರು. ಅಕ್ಕಿಕಾಳಿನಷ್ಟು ಎತ್ತರದ ಕಬ್ಬಿಣದ ಕಡ್ಡಿ, ಕೆಳಗೆ ಉಂಗುರದಂಥ ಒಂದು ಪಟ್ಟಿ.

"ಹೌದಪ್ಪ. ಹಿಂದಿನ ಕಚ್ಚಿನಲ್ಲಿ ನೋಡುವಾಗ ಈ ಕಡ್ಡಿ ನಡುವೆ ಕಾಣ್ಬೇಕು. ಒಂದು ಕೂದಲು ಎಡಕ್ಕೆ ಓರೆಯಾದರೂ ಗುಂಡು ಬಲಕ್ಕೆ ಹೋಗ್ತದೆ, ಬಲಕ್ಕೆ ಓರೆಯಾದರೆ ಎಡಕ್ಕೆ. ಮೈಸೂರಿಗೆ ಕಳಿಸಿದರೆ ಹದಿನೈದು ದಿನ ಅಂತಾರೆ. ನೀವೇ ಕೂರಿಸಿಕೊಡಿ."

ಕುಕ್ಕಪ್ಪಣ್ಣನಿಗೆ ತಮ್ಮ ಕಣ್ಣಿನ ಅನುಮಾನ ನೆನಪಾಯಿತು. ಆದರೆ ಅದನ್ನು ಮಗಳ ಎದುರು ಹೇಗೆ ಹೇಳುವುದು? ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದರು: ಇದು ನೇರ ಕೂತರೆ ನಾಳೆಯೇ ಭಟ್ಟರಿಗೆ ಒಪ್ಪಿಗೆ. ಓರೆಯಾದರೆ ಉಳಿ ಕೊಡತಿ ಕಟ್ಟಿ ಅಟ್ಟಕ್ಕೆ.

ಚಾವಡಿಯಲ್ಲಿ ಕೆಲಸ ಶುರುವಾಯಿತು. ಎರಡು ಮರದ ತುಂಡುಗಳಿಗೆ ಕಚ್ಚು ಕೊರೆದು, ಮೈ ಒರೆಸುವ ಹಳೆಯ ಬೈರಾಸು ಹಾಸಿ, ರೈಫಲನ್ನು ಅಲುಗದಂತೆ ಮಲಗಿಸಿದರು. ಸುರಕ್ಷಾ ಅದರ ಬೆನ್ನ ಮೇಲೆ ಮೊಬೈಲ್ ಇಟ್ಟು, ಅದರಲ್ಲಿನ ಮಟ್ಟ ನೋಡುವ ಗುಳ್ಳೆ ನಡುವಿಗೆ ಬರುವಂತೆ ಸರಿಮಾಡಿದಳು. ಕುಕ್ಕಪ್ಪಣ್ಣ ತೆಳ್ಳಗಿನ ಹಿತ್ತಾಳೆ ತಗಡನ್ನು ಅರದಿಂದ ಉಜ್ಜಿ ಉಜ್ಜಿ ಪಟ್ಟಿಯ ಒಳಗೆ ಕೂರಿಸಿದರು. ಸಡಿಲ ಹೋಯಿತು. ಇನ್ನು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಸ್ಕ್ರೂ ಬಿಗಿಯಬೇಕು. ಅವರು ಹಿಂದಿನಿಂದ ಕುಕ್ಕರಗಾಲಲ್ಲಿ ಕೂತು ಬಲಗಣ್ಣಲ್ಲಿ ನೋಡಿದರು. ನಳಿಗೆಯ ಆಚೆ, ಎದುರಿಗೇ, ಮನೆಯ ದಾರಂದ. ಕಡ್ಡಿಯನ್ನು ದಾರಂದದ ಅಂಚಿಗೆ ಸಮ ಮಾಡಿ ಬಿಗಿದರು.

ಹಿತ್ತಿಲಲ್ಲಿ ಕೆಂಪುಕಲ್ಲಿನ ರಾಶಿಯ ಎದುರು ಯಾರದೋ ಮದುವೆ ಕಾಗದಕ್ಕೆ ಶಾಯಿಯ ಚುಕ್ಕೆ ಇಟ್ಟು ಸುರಕ್ಷಾ ಹತ್ತು ಮೀಟರಿನಿಂದ ಐದು ಸಲ ಹೊಡೆದಳು. ಐದೂ ಚುಕ್ಕೆಯಿಂದ ಅರ್ಧ ಬೆರಳು ಬಲಕ್ಕೆ.

"ಸ್ವಲ್ಪ ಓರೆ ಅಪ್ಪ."

ಮತ್ತೆ ಬಿಚ್ಚಿದರು. ಮತ್ತೆ ನೋಡಿದರು, ಮತ್ತೆ ಬಿಗಿದರು. ಮತ್ತೆ ಅರ್ಧ ಬೆರಳು ಬಲಕ್ಕೆ. ಮೂರನೆಯ ಸಲ ಕನ್ನಡಕ ಒರೆಸಿ, ಉಸಿರು ಹಿಡಿದು ಕೂರಿಸಿದರು. ಅಷ್ಟೇ ಬಲಕ್ಕೆ.

"ಬಿಡಿ ಅಪ್ಪ, ಹಿಂದಿನ ಕಚ್ಚಿನ ಸ್ಕ್ರೂ ಎರಡು ಸುತ್ತು ತಿರುಗಿಸಿದರೆ ಸರಿ ಹೋಗ್ತದೆ."

"ಓರೆಗೆ ಇನ್ನೊಂದು ಓರೆ ಕೂಡಿಸಿ ನೇರ ಅನ್ನುದಾ? ಅದು ಕೆಲಸವಾ?" ಎಂದು ರೇಗಿದರು. ಬೆವರು ಒರೆಸುತ್ತಾ ಜಗಲಿಯಲ್ಲಿ ಕೂತು, ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಮುಗಿಯಿತು. ಭಟ್ಟರಿಗೆ ಬೇರೆ ಬಡಗಿಯನ್ನು ಹುಡುಕಲು ಹೇಳಬೇಕು. ಊರಿಗೆ ಎಂತ ಹೇಳುವುದು, ಅದನ್ನು ಮತ್ತೆ ನೋಡುವ.

ಆಗ ದುಗ್ಗಮ್ಮ ಚಾ ಹಿಡಿದು ಬಂದವರು ಎದುರು ಬಾಗಿಲನ್ನು ಭುಜದಿಂದ ದೂಡಿದರು. ಬಾಗಿಲು ಕಿರ್ರೆಂದಿತು.

"ನಿಮ್ಮ ಕೋವಿ ಆಮೇಲೆ ನೇರ ಆಗಲಿ. ಮೊದಲು ಈ ಬಾಗಿಲಿಗೊಂದು ಗತಿ ಕಾಣಿಸಿ. ಅಗುಳಿ ಬೀಳುದಿಲ್ಲ ಅಂತ ಎಷ್ಟು ಸಲ ಹೇಳುದು?"

"ಯುಗಾದಿಗೆ ಕೀಸಿ ಕೊಟ್ಟೆನಲ್ಲ ಮಾರಾಯ್ತಿ. ಮರ ಉಬ್ಬುದು ಅದು."

"ಬೇಸಗೆಯಲ್ಲಿ ಎಂತ ಉಬ್ಬುದು? ಎರಡು ವರ್ಷದಲ್ಲಿ ನಾಲ್ಕು ಸಲ ಕೀಸಿದಿರಿ. ಇನ್ನೊಂದು ಸಲ ಕೀಸಿದರೆ ಬಾಗಿಲು ಹೋಗಿ ಪರದೆ ಆಗ್ತದೆ!"

ಸುರಕ್ಷಾ ನಕ್ಕಳು. ಕುಕ್ಕಪ್ಪಣ್ಣ ನಗಲಿಲ್ಲ. ಚಾ ಲೋಟ ಹಾಗೆಯೇ ಕೆಳಗಿಟ್ಟು ಮದುವೆ ಕಾಗದವನ್ನು ಕೈಗೆ ತೆಗೆದುಕೊಂಡರು. ಮೂರು ಸಲ ಕೂರಿಸಿದ್ದರು, ಹದಿನೈದು ಗುಂಡು. ಎಲ್ಲ ತೂತುಗಳೂ ಒಂದರ ಮೇಲೊಂದು, ಜೇನುಗೂಡಿನ ಹಾಗೆ ಒತ್ತಾಗಿ.

"ಮಗಾ, ಕಣ್ಣು ಕೆಟ್ಟವನು ತಪ್ಪಿದರೆ ಒಮ್ಮೆ ಆಚೆ ಹೋಗ್ತದೆ, ಒಮ್ಮೆ ಈಚೆ. ಮೂರು ಸಲವೂ ಇಷ್ಟೇ ಇಷ್ಟು, ಇಲ್ಲಿಯೇ ತಪ್ಪುದು ಹೇಗೆ?"

"ಹೇಗೆ?"

ಅವರು ಎದ್ದರು. ಚೀಲದಿಂದ ತೂಗುಗುಂಡು ತೆಗೆದರು. ಸ್ಟೂಲು ಹತ್ತಿ ದಾರಂದದ ಮೇಲಿನ ಮೂಲೆಗೆ ದಾರ ಹಿಡಿದರು. ಗುಂಡು ಇಳಿಯಿತು, ಸ್ವಲ್ಪ ಹೊತ್ತು ತೂಗಾಡಿತು, ನಿಂತಿತು. ಕೆಳಗೆ ದಾರಕ್ಕೂ ದಾರಂದಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಎಡೆ.

ಇಪ್ಪತ್ತೆಂಟು ವರ್ಷ ನಂಬಿದ ದಾರಂದ ಎಡಕ್ಕೆ ವಾಲಿತ್ತು. ಕಡ್ಡಿಯನ್ನು ಅದರ ಹಾಗೆಯೇ ಕೂರಿಸಿದ್ದರು, ಅಷ್ಟೇ ಓರೆಯಾಗಿ, ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲದೆ.

ಕುಕ್ಕಪ್ಪಣ್ಣ ಸ್ಟೂಲಿನ ಮೇಲೆ ನಿಂತಲ್ಲೇ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನನ್ನ ಕಣ್ಣು ಸರಿ ಉಂಟು! ದುಗ್ಗಮ್ಮ, ನನ್ನ ಕಣ್ಣು ಸರಿ ಉಂಟು ಮಾರಾಯ್ತಿ!"

"ನಿಮ್ಮ ಕಣ್ಣಿಗೆ ಎಂತ ಆಗಿತ್ತು?" ಎಂದು ದುಗ್ಗಮ್ಮ ಬೆಪ್ಪಾಗಿ ನೋಡಿದರು. ಆರು ತಿಂಗಳ ಅನುಮಾನವೆಲ್ಲ ಅಲ್ಲಿಯೇ, ಸ್ಟೂಲಿನ ಮೇಲಿಂದಲೇ ಹೊರಬಿತ್ತು. ಕೇಳಿದ ದುಗ್ಗಮ್ಮ ಮೊದಲು ಮೂಗಿನ ಮೇಲೆ ಬೆರಳಿಟ್ಟರು, ಆಮೇಲೆ ಗದರಿದರು. "ಇದನ್ನು ನನ್ನಲ್ಲಿ ಹೇಳ್ಲಿಕ್ಕೆ ನಿಮಗೆ ಎಂತ ರೋಗ? ಈಗ ನಗುದು ಬೇರೆ! ದಾರಂದ ಓರೆ ಅಂದರೆ ಮನೆ ಓರೆ ಅಂತ ಅಲ್ಲವಾ? ಇಳಿಯಿರಿ ಕೆಳಗೆ!"

ಆ ಮಾತಿಗೆ ನಗು ನಿಂತಿತು. ಮೂವರೂ ಮನೆಯ ಎಡಬದಿಗೆ ಹೋದರು. ಅಲ್ಲಿ ಎರಡು ವರ್ಷದ ಹಿಂದೆ ಹೊಸ ರಸ್ತೆಗೆಂದು ಗುಡ್ಡ ಕಡಿದಿದ್ದರು. ರಸ್ತೆ ಬೇಕೆಂದು ಊರಿನವರೆಲ್ಲ ಕೈ ಎತ್ತಿದ್ದರು, ಕುಕ್ಕಪ್ಪಣ್ಣನೂ ಎತ್ತಿದ್ದರು. ಕಡಿದ ಬರೆಯ, ಅಂದರೆ ಆ ಮಣ್ಣಿನ ಗೋಡೆಯ, ಅಂಚಿಗೆ ಮನೆಯ ಗೋಡೆ ಹತ್ತು ಮಾರು ದೂರ. ತರಗೆಲೆ ಸರಿಸಿ ನೋಡಿದರೆ, ನೆಲದಲ್ಲಿ ಗೋಡೆಯುದ್ದಕ್ಕೂ ಕೈ ಇಳಿಯುವಷ್ಟು ಬಿರುಕು.

ಸೋಮವಾರ ಪಂಚಾಯತಿನಿಂದ ಇಂಜಿನಿಯರ್ ಯಶಸ್ವಿ ಬಂದರು. ಬಿರುಕಿಗೆ ಕೋಲು ಇಳಿಸಿ ನೋಡಿ ತಲೆ ಕೊಡವಿದರು. "ಮೊದಲ ದೊಡ್ಡ ಮಳೆಗೆ ನೀರು ಇದರೊಳಗೆ ಇಳಿದರೆ ಮತ್ತೆ ಹೇಳ್ಲಿಕ್ಕೆ ಆಗುದಿಲ್ಲ. ಅದಕ್ಕೆ ಮುಂಚೆ ಬಿಟ್ಟು ಹೋಗಿ. ಈಗಲೇ ಗೊತ್ತಾದದ್ದು ನಿಮ್ಮ ಪುಣ್ಯ. ಯಾರು ನೋಡಿದ್ದು?"

"ನಮ್ಮ ಅಪ್ಪ" ಎಂದಳು ಸುರಕ್ಷಾ.

ಕಬಕದಲ್ಲಿ ಅವಳ ಮನೆಯ ಪಕ್ಕದಲ್ಲೇ ಒಂದು ಮನೆ ಬಾಡಿಗೆಗೆ ಸಿಕ್ಕಿತು. ಮನೆ ಬಿಡುವ ದುಃಖ ದುಗ್ಗಮ್ಮನಿಗೆ ಇರಲಿಲ್ಲವೆಂದಲ್ಲ. ಪಾತ್ರೆ ಕಟ್ಟುವಾಗ ಎರಡು ಸಲ ಅತ್ತರು. ಆದರೆ ಪ್ರತಿ ರಾತ್ರಿ ಗೋಡೆಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದದ್ದು ಹಲ್ಲಿಯಲ್ಲ, ಬಿರಿಯುವ ಗೋಡೆಯೇ ಎಂದು ಗೊತ್ತಾದ ಮೇಲೆ ಅವರಿಗೇ ಅವಸರ ಹೆಚ್ಚಾಯಿತು. ಮೇ ಎರಡನೆಯ ವಾರ ಸಾಮಾನೆಲ್ಲ ಪಿಕಪ್ಪಿನಲ್ಲಿ ಹೋಯಿತು, ದುಗ್ಗಮ್ಮನೂ ಅದರಲ್ಲೇ ಹೋದರು. ಕುಕ್ಕಪ್ಪಣ್ಣ ಉಪಕರಣ ಕಟ್ಟಿಕೊಳ್ಳಲೆಂದು ಒಂದು ರಾತ್ರಿ ಅಮ್ಮುವಿನ ಜಗಲಿಯಲ್ಲಿ ಮಲಗಿದರು. ಎಷ್ಟೋ ತಿಂಗಳ ಮೇಲೆ ಅಂಥ ನಿದ್ದೆ ಬಂದಿತ್ತು. ಅಮ್ಮುವೇ ಅಲುಗಿಸಿ ಎಬ್ಬಿಸಬೇಕಾಯಿತು.

ಬೆಳಿಗ್ಗೆ ಸುರಕ್ಷಾ ಸ್ಕೂಟರ್ ತಂದಳು. ಕುಕ್ಕಪ್ಪಣ್ಣ ಖಾಲಿ ಮನೆಯೊಳಗೆ ಹೋಗಿ, ಕೋಣೆ ಕೋಣೆ ನೋಡಿ, ಮೈನ್ ಸ್ವಿಚ್ ಇಳಿಸಿ, ಉಪಕರಣದ ಚೀಲ ಹೆಗಲಿಗೇರಿಸಿ ಹೊರಗೆ ಬಂದರು. ಅಂಗಳದಲ್ಲಿ ಅಮ್ಮು ಕಣ್ಣೊರೆಸುತ್ತಾ ನಿಂತಿದ್ದಳು.

"ಕಬಕಕ್ಕೆ ಅಲ್ವಾ ಕುಕ್ಕಪ್ಪಣ್ಣ? ಮುಟ್ಟಿದ ಕೂಡಲೇ ಫೋನು ಮಾಡಿ."

"ಕಬಕಕ್ಕೆ ಸಂಜೆ. ಈಗ ಬೆಟ್ಟಂಪಾಡಿಗೆ. ಒಂಬತ್ತೂವರೆಗೆ ಭಟ್ಟರ ದಾರಂದದ ಮುಹೂರ್ತ" ಎಂದು ಅವರು ಸ್ಕೂಟರಿನ ಹಿಂದೆ ಹತ್ತಿ ಕೂತರು. "ಬೇಗ ಬಿಡು ಮಗಾ. ಅಲ್ಲಿ ಇಡ್ಲಿ ಖಾಲಿ ಮಾಡಿಯಾರು."