ಅಜ್ಜ ಒಯ್ದ ಹೊಸ ಧೋತರ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೊಂಬಳದ ನನ್ನ ಸೋದರಮಾವ ಕೊಲೆಯ ಆರೋಪದ ಮೇಲೆ ಜೇಲು ಸೇರಿದ. ಗದಗಿನ ಮ್ಯಾಜಿಸ್ಟ್ರೇಟರ ಮುಂದೆ ಎಂಟು ತಿಂಗಳು ಸಾಕ್ಷಿ ನಡೆಯಿತು. ಹೊಂಬಳದ ಪಂಚರಾದರೆ ಸಾಕ್ಷಿ ಮುಗಿದೊಡನೆ ತೀರ್ಪು ಹೇಳಿಯೇ ಕಟ್ಟೆಯಿಂದ ಏಳುತ್ತಿದ್ದರು. ಇಲ್ಲಿಯೂ ಹಾಗೆಯೇ ಎಂದುಕೊಂಡ ಅಜ್ಜ, ಕೊನೆಯ ಸಾಕ್ಷಿಯ ದಿನ ಮಗನನ್ನು ಕರೆತರಲು ಹೊಸ ಧೋತರ ಹಿಡಿದು, ನನ್ನನ್ನೂ ಕೂರಿಸಿಕೊಂಡು ಚಕ್ಕಡಿ ಹೂಡಿದ.

ಸಾಕ್ಷಿ ಮುಗಿಯಿತು. ಪೊಲೀಸರು ಮಾವನನ್ನು ಮತ್ತೆ ಜೇಲಿಗೇ ಒಯ್ದರು. ಅಜ್ಜ ನಮ್ಮ ವಕೀಲರನ್ನು ತಡೆದು ನಿಲ್ಲಿಸಿದ.

"ತೀರ್ಪು ಏನಾತ್ರಿ, ಸಾಹೇಬ್ರ?"

"ಕೊಲಿ ಖಟ್ಲೆದಾಗ ತೀರ್ಪು ಕೊಡೂ ಅಧಿಕಾರ ಇವರಿಗಿಲ್ಲ, ಯಜಮಾನ್ರ. ಧಾರವಾಡದ ಸೆಶನ್ಸ್ ಕೋರ್ಟಿಗೆ ಕಳಿಸ್ಯಾರ. ಅಲ್ಲಿ ಎಲ್ಲಾ ಸಾಕ್ಷಿ ಮತ್ತ ಮೊದಲಿಂದ."

"ತೀರ್ಪು ಹೇಳಾಕ ಬರದವ್ರು ಎಂಟು ತಿಂಗಳ ಕೇಳಿದ್ದರ ಯಾಕ್ರಿ? ನಮ್ಮ ಎತ್ತಿಗೆ ಕೋರ್ಟಿನ ಹಾದಿ ಬಾಯಿಪಾಠ ಆಗೇತಿ!"

ವಕೀಲರು ನಕ್ಕರು. ಅಜ್ಜ ನಗಲಿಲ್ಲ.

ಮುಂದೆ ಧಾರವಾಡದ ಪ್ರತಿ ತಾರೀಖಿಗೂ ಅವನು ಆ ಧೋತರ ಒಯ್ದು, ಬೈಯುತ್ತ ಮರಳಿ ತಂದ. ಕಡೆಗೆ ಮಾವ ನಿರ್ದೋಷಿಯೆಂದು ಹೊರಬಂದು ಅದನ್ನು ಬಿಡಿಸಿದಾಗ ಮಡಿಕೆಗಳಲ್ಲಿ ಹಳದಿ ಗೆರೆ ಬಿದ್ದಿದ್ದವು.

"ಹೊಸಾದ ಐತಿ, ಉಟಗೋ," ಎಂದ ಅಜ್ಜ.