ಗುಣಕ್ಕನ ಪಡುವಣ ಗಡಿ

ಮೊದಲೇ ಒಪ್ಪಿಕೊಳ್ಳುತ್ತೇನೆ. ಎಂಟು ವರ್ಷ ಹಡಗುಗಳ ವೇಳಾಪಟ್ಟಿಯನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನು; ಆ ಎಂಟು ವರ್ಷದಲ್ಲಿ ಒಂದು ಹಡಗನ್ನೂ ಕಣ್ಣಾರೆ ಕಂಡಿರಲಿಲ್ಲ. ಬೆಳಗಾವಿಯ ನಮ್ಮ ವಾರಪತ್ರಿಕೆಯ ಕೊನೆಯ ಪುಟದಲ್ಲಿ, ಅರಳೆಯ ಧಾರಣೆಯ ಕೆಳಗೆ, ತಪ್ಪಿಸಿಕೊಂಡ ಎಮ್ಮೆಯ ಪ್ರಕಟಣೆಯ ಮೇಲೆ, ಕೊಂಕಣದ ಆಗಬೋಟುಗಳಿಗೆಂದು ಅಂಗೈಯಗಲದ ಜಾಗವಿತ್ತು. ಯಾವ ಉಗಿಹಡಗು ಯಾವ ದಿನ ಯಾವ ಬಂದರಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದಷ್ಟೇ ಅದರ ವಿಷಯ. ಘಟ್ಟದ ಮೇಲೆ ಕುಳಿತ ಊರಿಗೆ ಇದೇಕೆ ಎಂದು ನಾನು ಒಮ್ಮೆ ಅದನ್ನು ಕೈಬಿಟ್ಟೆ. ಮರುವಾರವೇ ಪತ್ರಗಳು ಬಂದವು. ಶಹಾಪುರದ ನಿವೃತ್ತ ಮಾಸ್ತರರೊಬ್ಬರು ಖುದ್ದಾಗಿ ಕಚೇರಿಗೆ ಬಂದರು. ತಾವು ಎಲ್ಲಿಗೂ ಹೋಗುವವರಲ್ಲ, ಆದರೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗ ಈಗ ಹಡಗು ರತ್ನಾಗಿರಿ ದಾಟಿರಬೇಕು ಎಂದುಕೊಳ್ಳುವುದರಲ್ಲಿ ಒಂದು ಸುಖವಿದೆ, ಅದನ್ನು ಕಸಿದುಕೊಳ್ಳಬೇಡಿ ಎಂದರು. ಅಂದಿನಿಂದ ಆ ಜಾಗವನ್ನು ನಾನು ಮುಟ್ಟಲಿಲ್ಲ.

ಆ ದಿನಗಳಲ್ಲಿ ವಸಂತದ ರಜೆಗೆ ಹಡಗು ಹತ್ತುವುದು ಅನುಕೂಲಸ್ಥರ ಹೊಸ ಶೋಕಿಯಾಗಿತ್ತು. ಮುಂಬಯಿಯಿಂದ ಬರುವ ಇಂಗ್ಲಿಷ್ ಪತ್ರಿಕೆಗಳಲ್ಲಿ ಅದರ ಜಾಹೀರಾತುಗಳು ಕಾಣುತ್ತಿದ್ದವು: ಹೊಗೆ ಬಿಡುವ ಚಿಮಣಿ, ಆರಾಮಕುರ್ಚಿಯಲ್ಲಿ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು, ಕೆಳಗೆ ಈಜಿಪ್ತ, ಇಟಲಿ, ಸಿಂಹಳ. ನಮ್ಮ ವಕೀಲರಿಗೆ ಈಜಿಪ್ತ ದೂರವಾಯಿತು. ಅವರು ಹೋಳಿಯ ಬಣ್ಣ ತೊಳೆದುಕೊಂಡು, ಕೋರ್ಟಿಗೆ ರಜೆ ಬಿದ್ದೊಡನೆ ಕೊಂಕಣದ ಆಗಬೋಟು ಹತ್ತಿ ನಾಲ್ಕು ದಿನ ತಿರುಗಿ ಬರುತ್ತಿದ್ದರು. ಬಂದ ಮೇಲೆ ಮಾಲವಣ ಮೇಲೋ ಕಾರವಾರ ಮೇಲೋ ಎಂದು ವಾದ ನಡೆಯುತ್ತಿತ್ತು. ತಮ್ಮ ಕಕ್ಷಿದಾರರ ಪರವಾಗಿ ಅವರು ಅಷ್ಟು ಚೆನ್ನಾಗಿ ವಾದಿಸಿದ್ದನ್ನು ನಾನು ಕೋರ್ಟಿನ ವರದಿಗೆ ಹೋದಾಗಲೂ ಕೇಳಿಲ್ಲ.

ಅಂಥದೊಂದು ಮಾಘಮಾಸದಲ್ಲಿ ಖಾನಾಪುರದಿಂದ ನನ್ನ ಅಕ್ಕನ ಕಾರ್ಡು ಬಂತು. ಗುಣವಂತಿ ಅವಳ ಹೆಸರು, ಎಲ್ಲರಿಗೂ ಗುಣಕ್ಕ. ಪಾರಿಶ್ವಾಡದ ನಮ್ಮ ಮನೆಯಿಂದ ಎಳೆಯ ವಯಸ್ಸಿಗೇ ಖಾನಾಪುರದ ಅರಿವೆ ಅಂಗಡಿಯ ನೇಮಣ್ಣನವರ ಮನೆಗೆ ಸೊಸೆಯಾಗಿ ಹೋದವಳು. ನಾಲ್ಕು ಮಾತಿನ ಕೆಲಸವನ್ನು ಎರಡರಲ್ಲಿ ಮುಗಿಸುವವಳು. ಇನ್ನೂ ನಾಲ್ಕು ವರ್ಷ ಶಾಲೆಗೆ ಹೋಗಿದ್ದರೆ ನನಗಿಂತ ಒಳ್ಳೆಯ ಉಪಸಂಪಾದಕಿಯಾಗುತ್ತಿದ್ದಳು. ಕಾರ್ಡಿನಲ್ಲಿ ಇದ್ದದ್ದು ಇಷ್ಟು: "ಮಹಾವೀರ ಜಯಂತಿ ದಿನ ದಿಗ್ವ್ರತ ತಗೋತೀನಿ. ಉಳಿದ ದಿಕ್ಕು ಗಟ್ಟಿ ಆಗ್ಯಾವು. ಪಡುವಣಕ್ಕ ಹಡಗಿನಾಗ ಎಲ್ಲಿತನಾ ಹೋಗಬೇಕು, ನೀ ವಿಚಾರ ಮಾಡಿ ತಿಳಸು."

ಜೈನರಲ್ಲದ ಓದುಗರಿಗೆ ಈ ವ್ರತದ ವಿಷಯ ಹೇಳಬೇಕು. ಸಂಸಾರದಲ್ಲಿದ್ದುಕೊಂಡೇ ಹಿಡಿಯಬಹುದಾದ ವ್ರತ ಅದು. ಒಂದೊಂದು ದಿಕ್ಕಿಗೂ ಎಲ್ಲರಿಗೂ ಗೊತ್ತಿರುವ ಒಂದು ಗುರುತನ್ನು ಹೇಳಬೇಕು, ನದಿಯೋ ಬೆಟ್ಟವೋ ಊರೋ. ಬದುಕಿರುವ ತನಕ ಅದರಾಚೆ ಕಾಲಿಡುವುದಿಲ್ಲ ಎಂದು ಬಸದಿಯಲ್ಲಿ ನುಡಿಯಬೇಕು. ಆಸೆಗೆ ಬೇಲಿ ಹಾಕುವುದು ಕಷ್ಟವೆಂದು ಹಿರಿಯರು ಕಾಲಿನಿಂದ ಶುರುಮಾಡಿದ್ದಾರೆ. ಮೇಲು ಕೆಳಗುಗಳನ್ನೂ ಅವರು ಬಿಟ್ಟಿಲ್ಲ. ಗುಣಕ್ಕ ಮೇಲಕ್ಕೆ ನಮ್ಮವರ ಯಾತ್ರೆಯ ಬೆಟ್ಟವಾದ ಶಿಖರ್ಜಿಯ ತುದಿ, ಕೆಳಕ್ಕೆ ತನ್ನ ಹಿತ್ತಿಲ ಬಾವಿಯ ತಳ ಎಂದು ಇಟ್ಟುಕೊಂಡಿದ್ದಳು. ವಿಮಾನಗಳ ಸುದ್ದಿ ಬರತೊಡಗಿದ ಕಾಲ; ಹೆಂಡತಿಯನ್ನು ವಿಮಾನದಲ್ಲಿ ಕೂರಿಸುವ ಖರ್ಚು ಒಂದು ತಪ್ಪಿತು ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದರು.

ಉತ್ತರಕ್ಕೂ ಪೂರ್ವಕ್ಕೂ ಸೇರಿ, ದೂರದ ಈಶಾನ್ಯದಲ್ಲಿರುವ ಶಿಖರ್ಜಿ ಒಂದೇ ಸಾಕಾಯಿತು. ದಕ್ಷಿಣಕ್ಕೆ ಶ್ರವಣಬೆಳಗೊಳ. ಎಲ್ಲವೂ ಅವಳು ಯಾತ್ರೆ ಮಾಡಿ ಬಂದ ಜಾಗಗಳು. ಪಡುವಣಕ್ಕೆ ಮಾತ್ರ ಖಾನಾಪುರದಿಂದ ಆಚೆ ಅವಳು ನೋಡಿದ ಕ್ಷೇತ್ರ ಯಾವುದೂ ಇರಲಿಲ್ಲ. ಕಾಡು, ಘಟ್ಟ, ಆಮೇಲೆ ನೀರು. ಪುಣ್ಯದ ನೆಪವಿಲ್ಲದೆ, ಬರೀ ನೋಡುವ ಖುಷಿಗಾಗಿ ಅವಳು ಆರಿಸಬಹುದಾಗಿದ್ದ ದಿಕ್ಕು ಇದೊಂದೇ. ಅದನ್ನು ಆರಿಸುವ ಕೆಲಸವನ್ನು ನನಗೆ ಕೊಟ್ಟಿದ್ದಳು.

ನಮ್ಮ ವೃತ್ತಿಯಲ್ಲಿ ತಪ್ಪಿಗೆ ಮದ್ದುಂಟು. ಸತ್ತರೆಂದು ಅಚ್ಚಾದ ಮನುಷ್ಯ ಕೋಲೂರಿಕೊಂಡು ಕಚೇರಿಗೆ ಬಂದರೆ ಕುರ್ಚಿ ಕೊಟ್ಟು, ಮುಂದಿನ ವಾರ ಎರಡು ಸಾಲಿನ ತಿದ್ದುಪಡಿ ಹಾಕುತ್ತೇವೆ. ಗುಣಕ್ಕನ ವ್ರತಕ್ಕೆ ಮುಂದಿನ ವಾರ ಇರಲಿಲ್ಲ. ನಾನು ಸೋಮಾರಿತನದಿಂದ ಹತ್ತಿರದ ಬಂದರನ್ನು ಹೇಳಿದರೆ ಅವಳ ಪಾಲಿನ ಪಡುವಣ ಅಲ್ಲಿಗೇ ಮುಗಿಯುತ್ತಿತ್ತು, ಸಾಯುವ ತನಕ.

ಆದ್ದರಿಂದ ಶಿಸ್ತಾಗಿ ತನಿಖೆ ಮಾಡಿದೆ. ಮುಂಬಯಿ, ಕಾರವಾರ, ವೆಂಗುರ್ಲೆ ಈ ಮೂರು ಬಂದರುಗಳ ಪರಿಚಿತರಿಗೆ ಒಂದೇ ಪ್ರಶ್ನೆಗಳನ್ನು ಬರೆದು, ಉತ್ತರಗಳನ್ನು ಒಂದಕ್ಕೊಂದು ತಾಳೆ ನೋಡಿದೆ. ವಕೀಲರನ್ನು ಬೇರೆ ಬೇರೆಯಾಗಿ ವಿಚಾರಿಸಿದೆ, ಒಟ್ಟಿಗಿದ್ದರೆ ಅವರಿಂದ ಸತ್ಯ ಹೊರಡುವುದಿಲ್ಲ. ಆದರೆ ಅವರ್ಯಾರಿಗೂ ಇಲ್ಲದ ಎರಡು ಕಟ್ಟುಗಳು ಗುಣಕ್ಕನಿಗಿದ್ದವು. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವುದಿಲ್ಲ. ಇನ್ನು ನೀರು: ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳು ಸಾಯದಂತೆ ಅದನ್ನು ಅದೇ ಬಾವಿಯಲ್ಲಿ ಅದ್ದಿ ಅವುಗಳ ಮನೆಗೆ ಅವುಗಳನ್ನು ಮುಟ್ಟಿಸಿ, ಆಮೇಲೆ ಕುದಿಸಿದ ನೀರೇ ಆಗಬೇಕು. ಹಾಗೆ ಕುದಿಸಿದ ನೀರಿಗೂ ಒಂದು ಹಗಲು ಒಂದು ರಾತ್ರಿಯಷ್ಟೇ ಆಯುಷ್ಯ. ಹಡಗಿನ ತೊಟ್ಟಿಯ ನೀರನ್ನು ಸೋಸಿದರೆ ಜೀವಿಗಳನ್ನು ಯಾವ ಬಾವಿಗೆ ಮರಳಿಸುವುದು? ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಯದ ದಾರಿಯಾದ್ದರಿಂದ ಮುಂಬಯಿ ಅಲ್ಲಿಗೇ ಬಿದ್ದುಹೋಯಿತು. ಕಾರವಾರಕ್ಕೆ ಹೋಗಿಬರುವ ಹಡಗುಗಳ ವೇಳೆ ಅವಳ ಊಟದ ವೇಳೆಗೆ ಕೂಡಲಿಲ್ಲ. ಉಳಿದದ್ದು ವೆಂಗುರ್ಲೆ. ಖಾನಾಪುರದಿಂದ ರೈಲಿನಲ್ಲಿ ಮುರಗಾವ, ಅಲ್ಲಿಂದ ಹೊಳೆ ದಾಟಿ ಪಣಜಿ, ಮರುದಿನ ಉಂಡು ಬೆಳಗಿನ ಹಡಗು ಹತ್ತಿದರೆ ಹೊತ್ತಿರುವಾಗಲೇ ವೆಂಗುರ್ಲೆ. ಅಲ್ಲಿಂದ ಆಂಬೋಲಿ ಘಟ್ಟ ಹತ್ತಿ ಮೋಟಾರಿನಲ್ಲಿ ಬೆಳಗಾವಿ. ವರದಿ ಸಿದ್ಧವಾದಾಗ ನನಗೆ ನನ್ನ ಮೇಲೆ ಸ್ವಲ್ಪ ಗೌರವವೇ ಬಂತು.

ಭಾನುವಾರ ಖಾನಾಪುರಕ್ಕೆ ಹೋಗಿ ಅದನ್ನು ಓದಿದೆ. ಗುಣಕ್ಕ ಅವರೆಕಾಯಿ ಬಿಡಿಸುತ್ತ ಕೇಳಿದಳು. ಓದು ಮುಗಿಯುವ ತನಕ ಭಾವ ಕಾಯಲಿಲ್ಲ.

"ಏನ್ರೀ ಸಂಪಾದಕರ, ವೆಂಗುರ್ಲಾಕ ಬೆಳಗಾವಿಂದ ದಿನಾ ಮೋಟಾರ್ ಹೊಕ್ಕೈತಿ. ಮೋಟಾರ್ ಹೋಗೂ ಊರಿಗೆ ಹಡಗ ಯಾಕ? ಇಲ್ಲೇ ಮಗ್ಗಲ ಲೋಂಡಾಕ ಗಡಿ ಹಾಕಿ ಬಿಡ್ರಿ. ಅಲ್ಲಿ ರೈಲ್ ಅರ್ಧಾ ತಾಸ ನಿಂದರ್ತೈತಿ, ಚಹಾನೂ ಸಿಗತೈತಿ."

ಗುಣಕ್ಕ ಅವರತ್ತ ನೋಡಲಿಲ್ಲ. ನನಗೆ ಹೇಳಿದಳು: "ತಮ್ಮಾ, ಈ ಮನಿಗೆ ಬಂದಾಗಿಂದ ಗೋವಾದ ಗಾಡಿ ದಿನಾ ಸಪ್ಪಳಾ ಮಾಡಕೋತ ಹೋಗೂದು ಕೇಳೀನಿ. ಅದು ಎಲ್ಲಿ ಹೋಗಿ ಮುಗೀತೈತಿ ಅನ್ನೂದು ನೋಡಿಲ್ಲ. ನೋಡಲಾರದ್ದನ್ನ ಬಿಟ್ಟೆ ಅಂದ್ರ, ಅದು ಬಿಟ್ಟಂಗ ಆಗೂದಿಲ್ಲ."

ಹಾಸಿಗೆ ಸುತ್ತಲು ಯಾವ ಹೊಲ್ಡಾಲು ಹಿಡಿಯಬೇಕು ಎಂದು ಭಾವ ಕೇಳಿದರು.

ಯುಗಾದಿಯ ಬೇವು-ಬೆಲ್ಲ ತಿಂದು ಮೂವರೂ ಹೊರಟೆವು. ಭಾವನ ಕೈಯಲ್ಲಿ ಹಾಸಿಗೆಯ ಸುರುಳಿ, ಗುಣಕ್ಕನ ಮಡಿಲಲ್ಲಿ ಬಾಯಿಗೆ ಅರಿವೆ ಕಟ್ಟಿದ ತಾಮ್ರದ ಕೊಡ, ನನ್ನ ಕೈಯಲ್ಲಿ ವರದಿ. ಘಟ್ಟ ಇಳಿದ ಮೇಲೆ ಪೋರ್ತುಗೀಜರ ಜಕಾತಿಯವನು ಪೆಟ್ಟಿಗೆಗಳನ್ನು ಬಿಟ್ಟು ಆ ಕೊಡವನ್ನೇ ಹಿಡಿದುಕೊಂಡ. ಅಷ್ಟು ಜೋಪಾನ ಮಾಡುವ ವಸ್ತು ನೀರಾಗಿರಲಾರದು ಎಂಬುದು ಅವನ ತರ್ಕ, ತರ್ಕದಲ್ಲಿ ತಪ್ಪಿರಲಿಲ್ಲ. ಅವನು ಕೈ ಅದ್ದುವ ಮೊದಲು ಗುಣಕ್ಕ ಅರಿವೆ ಸಡಿಲಿಸಿ, ಅವನ ಬೊಗಸೆಗೆ ಮೇಲಿನಿಂದ ಸುರಿದಳು. ಬಾಯಾರಿದ್ದನೋ ಏನೋ, ಕುಡಿದ. ಇನ್ನೊಂದು ಬೊಗಸೆ ಕೇಳಿದ. ಆಮೇಲೆ ನಮ್ಮ ಪೆಟ್ಟಿಗೆಗಳನ್ನು ತೆರೆಸಲೇ ಇಲ್ಲ.

ಮುರಗಾವದಲ್ಲಿ ಹಳಿ ಮುಗಿದ ಕಡೆ ಸಮುದ್ರವಿತ್ತು. ನಾನು ಅದರ ಬಗ್ಗೆ ಏನಾದರೂ ಹೇಳಬೇಕೆಂದು ಎರಡು ವಾಕ್ಯ ಸಿದ್ಧಮಾಡಿಕೊಂಡು ಬಂದಿದ್ದೆ, ಅದನ್ನು ಕಂಡೊಡನೆ ಎರಡನ್ನೂ ಹೊಡೆದುಹಾಕಿದೆ. ಗುಣಕ್ಕ ಬಹಳ ಹೊತ್ತು ನೋಡಿದಳು. "ಇಷ್ಟೂ ನೀರ ಸೋಸಾವ್ರು ಯಾರು?" ಎಂದಳು. ಆಮೇಲೆ ತಾನೇ ನಕ್ಕಳು.

ಪಣಜಿಯಲ್ಲಿ ಭಾವನ ವ್ಯವಹಾರದ ಸ್ನೇಹಿತರ ಮನೆಯಲ್ಲಿ ಉಳಿದೆವು. ಅವರ ಬಾವಿಯ ನೀರು, ನಮ್ಮ ಬಟ್ಟೆ, ನಮ್ಮ ಕೊಡ. ಬೆಳಿಗ್ಗೆ ಹಡಗು ಹತ್ತಿದೆವು. ಜಾಹೀರಾತಿನ ಆರಾಮಕುರ್ಚಿ ಇರಲಿಲ್ಲ. ತೆಂಗಿನಕಾಯಿ ಚೀಲಗಳಿದ್ದವು, ಅವುಗಳ ಮೇಲೆ ಕುಳಿತೆವು. ಹಡಗು ತೂಗತೊಡಗಿದೊಡನೆ ಭಾವ ಹಾಸಿಗೆಯ ಸುರುಳಿಗೆ ಒರಗಿ ಕಣ್ಣು ಮುಚ್ಚಿದರು. ಗುಣಕ್ಕ ಮಾತ್ರ ಮುಸುಕು ಸರಿಸಿ, ನೆಟ್ಟಗೆ ಕುಳಿತು, ಜಾತ್ರೆಗೆ ಬಂದ ಹುಡುಗಿಯ ಹಾಗೆ ಎಲ್ಲವನ್ನೂ ನೋಡುತ್ತಿದ್ದಳು. ಒಂದೆರಡು ತಾಸು ಕಳೆದಿರಬೇಕು.

"ತಮ್ಮಾ, ನಾವು ಪಡುವಣಕ್ಕ ಹೊಂಟೇವೇನು?"

ಹೌದೆಂದೆ.

"ಪಡುವಣಕ್ಕ ಹೊಂಟ್ರ ಮುಂಜಾನಿ ಬಿಸಲು ಬೆನ್ನಿಗೆ ಬೀಳಬೇಕು. ಹತ್ತಿದಾಗಿಂದ ನನ್ನ ಬಲಗೆನ್ನಿ ಸುಡಾಕತ್ತೈತಿ."

ನಾನು ನಕಾಶೆ ತೆಗೆದೆ. ತೆಗೆಯುವ ಮೊದಲೇ ತಪ್ಪು ತಿಳಿದಿತ್ತು. ಕರಾವಳಿ ತೆಂಕಣದಿಂದ ಬಡಗಣಕ್ಕೆ ಮಲಗಿದೆ. ಹಡಗು ಅದರ ಪಕ್ಕಕ್ಕೆ ಆತುಕೊಂಡು ಬಡಗಣಕ್ಕೆ ಓಡುತ್ತದೆ. ದಿನವಿಡೀ ಓಡಿದರೂ ಪಡುವಣಕ್ಕೆ ಸರಿಯುವುದು ಅಷ್ಟಿಷ್ಟು. ನಾನು ಹಡಗಿನ ದಾರಿಯ ಮೈಲಿಗಳನ್ನು ಕೂಡಿಸಿದ್ದೆ, ಬಾವಿಗಳನ್ನು ವಿಚಾರಿಸಿದ್ದೆ, ಮೂರು ಊರಿನ ಸಾಕ್ಷಿ ತಾಳೆ ನೋಡಿದ್ದೆ. ಹಡಗು ಯಾವ ದಿಕ್ಕಿಗೆ ಹೋಗುತ್ತದೆಂದು ಯಾರನ್ನೂ ಕೇಳಿರಲಿಲ್ಲ. ಹಡಗೆಂದರೆ ಸಮುದ್ರದೊಳಕ್ಕೆ ಹೋಗುವುದು ಎಂದು ಘಟ್ಟದ ಮೇಲಿನವರೆಲ್ಲ ತಿಳಿದಂತೆ ನಾನೂ ತಿಳಿದಿದ್ದೆ. ಜೀವಮಾನದ ವ್ರತವೊಂದಕ್ಕೆ ದಿಕ್ಕು ತಪ್ಪಿದ ವರದಿ ಕೊಟ್ಟಿದ್ದೆ.

ತಪ್ಪಾಯಿತು ಎಂದು ಒಪ್ಪಿಕೊಂಡೆ. ಭಾವ ಕಣ್ಣು ತೆರೆಯದೆಯೇ, ಲೋಂಡಾ ಇನ್ನೂ ಅಲ್ಲೇ ಇದೆ ಎಂದರು.

ಗುಣಕ್ಕ ನನ್ನನ್ನು ಬೈಯಲಿಲ್ಲ. ಎದ್ದು, ಹಗ್ಗಗಳ ಹತ್ತಿರ ಕುಳಿತಿದ್ದ, ಖಲಾಸಿಗಳ ಮೇಲಾಳಾದ ಮುದಿ ತಾಂಡೇಲನ ಬಳಿ ಹೋದಳು. ಅವನು ಮೊದಲು ಮೀನಿನ ದೋಣಿಗಳನ್ನು ನಡೆಸಿ, ಆಮೇಲೆ ಹಡಗಿನ ಕೆಲಸಕ್ಕೆ ಸೇರಿದವನು. ಇವಳ ಮರಾಠಿ ಖಾನಾಪುರದ್ದು, ಅವನದು ಮಾಲವಣದ್ದು. ಆದರೂ ಇಬ್ಬರಿಗೂ ತಿಳಿಯುತ್ತಿತ್ತು. ಮೀನು ಹಿಡಿಯುವವನೊಡನೆ ನಮ್ಮ ಮನೆಯ ಹೆಂಗಸು ಹಾಗೆ ಕುಳಿತು ಮಾತಾಡುವುದನ್ನು ನಾನು ಎಂದೂ ಕಂಡಿರಲಿಲ್ಲ. ಪಡುವಣಕ್ಕೆ ನೆಟ್ಟಗೆ ಹೋದರೆ ಏನು ಸಿಗುತ್ತದೆ ಎಂದು ಕೇಳಿದಳು. ನೀರು ಎಂದ. ಅದರಾಚೆ? ಅರಬಸ್ತಾನ ಎನ್ನುತ್ತಾರೆ, ನಾನು ನೋಡಿಲ್ಲ ಎಂದ. ಹಾಗಾದರೆ ನೀವು ಎಲ್ಲಿಂದ ತಿರುಗುತ್ತೀರಿ ಎಂದು ಕೇಳಿದಳು. ಅವನು ದಂಡೆಯ ಹಿಂದಿನ ನೀಲಿ ಗುಡ್ಡವನ್ನು ತೋರಿಸಿ, ದೋಣಿಯವರು ಅದು ಕಾಣುವಷ್ಟು ದೂರ ಹೋಗುತ್ತಾರೆ, ಅದು ಮುಳುಗುವ ಮೊದಲು ತಿರುಗುತ್ತಾರೆ, ತನ್ನ ಅಪ್ಪ ಕಲಿಸಿದ್ದು ಅಷ್ಟೇ ಎಂದ.

ಅವಳು ಬಂದು ಕುಳಿತಳು. ವೆಂಗುರ್ಲೆಯಲ್ಲಿ ಇಳಿದು, ಹೊತ್ತಿರುವಾಗಲೇ ಉಂಡು, ಮರುದಿನ ಘಟ್ಟ ಹತ್ತಿ ಬರುವ ತನಕ ಗಡಿಯ ಮಾತು ಎತ್ತಲಿಲ್ಲ. ನಾನು ಮನಸ್ಸಿನಲ್ಲೇ ತಿದ್ದುಪಡಿ ಬರೆಯುತ್ತಿದ್ದೆ, ಅದನ್ನು ಹಾಕುವ ಪುಟ ಎಲ್ಲಿಯೂ ಇರಲಿಲ್ಲ.

ಮಹಾವೀರ ಜಯಂತಿಯ ದಿನ ಬೆಳಗಾವಿಯ ಬಸದಿಯಲ್ಲಿ, ಪೂಜೆ ಮಾಡಿಸುವ ಉಪಾಧ್ಯೆಯವರು ಹಾಳೆ ಹಿಡಿದು ಕುಳಿತರು. ಒಂದೊಂದು ದಿಕ್ಕಿಗೆ ಅವಳು ಹೇಳಿದ್ದನ್ನು ಬರೆದುಕೊಂಡರು. ಪಡುವಣಕ್ಕೆ ಬಂದಾಗ ನಾನು ನೆಲ ನೋಡುತ್ತಿದ್ದೆ. ಗುಣಕ್ಕನ ದನಿ ಮಾತ್ರ ಸ್ಪಷ್ಟವಾಗಿತ್ತು.

"ದಂಡಿ ಮ್ಯಾಲಿನ ಗುಡ್ಡ ಕಣ್ಣಿಗೆ ಕಾಣೂತನಾ."

ಉಪಾಧ್ಯೆಯವರ ಲೇಖನಿ ನಿಂತಿತು. ಅದು ಊರಲ್ಲವಲ್ಲ, ಎಂದರು. ನೀರಿನ ಮೇಲೆ ಊರಿರುವುದಿಲ್ಲ, ನೀರಿನ ಮೇಲೆ ಬದುಕುವವರ ಗುರುತು ಇದೇ ಅಂತೆ, ಎಂದಳು. ಅವರು ಸ್ವಲ್ಪ ಯೋಚಿಸಿದರು. ಗುರುತು ಎಲ್ಲರಿಗೂ ಗೊತ್ತಿರಬೇಕು ಎಂದಿದೆಯೇ ಹೊರತು ಅದು ಗಡಿಯ ಮೇಲೆಯೇ ನಿಂತಿರಬೇಕೆಂದು ಎಲ್ಲೂ ಇಲ್ಲ, ಗುಡ್ಡ ಗುಡ್ಡವೇ, ಎಂದು ತಮಗೆ ತಾವೇ ಹೇಳಿಕೊಂಡು ಬರೆದರು. ಶಾಸ್ತ್ರ ಓದಿದವರು ಹಾಗೆ ಒಪ್ಪಿದ್ದನ್ನು ಕಂಡು, ಆ ಕ್ಷಣ ನನಗೆ ಅವಳ ಮೇಲೆ ಎಷ್ಟು ಅಭಿಮಾನ ಬಂತೋ ಅವರ ಮೇಲೂ ಅಷ್ಟೇ ಬಂತು.

ಹೊರಗೆ ಬಂದ ಮೇಲೂ ನನ್ನ ಚಟ ಬಿಡಲಿಲ್ಲ. ಸರಿಯಾಗಿ ಎಷ್ಟು ಮೈಲಿ ಆಗುತ್ತದೆ ಎಂದು ಕೇಳಿದೆ.

"ಹವಾ ತಿಳಿ ಇದ್ದ ದಿನ ಭಾಳ ದೂರ, ತಮ್ಮಾ. ಮಂಜ ಕವದಾಗ ದಂಡಿ ಬಿಟ್ಟು ಹೋಗಾಂಗಿಲ್ಲ."

ಭಾವ ಚಪ್ಪಲಿ ಮೆಟ್ಟುತ್ತಿದ್ದರು.

"ಹಂಗಾದ್ರ ಮುಂದಿನ ವರ್ಷ ಹವಾ ನೋಡಿ ಇನ್ನೊಮ್ಮೆ ಹೋಗಬೇಕಾತು ಬಿಡು," ಎಂದರು.